ಸಹಿಗೆ ಬೆಲೆ ಕಟ್ಟುವ ಮೊದಲು



ಅಥಣಿ ರಸ್ತೆಯ ಊರುಗಳಿಂದ ಸೈಕಲ್ಲಿನಲ್ಲಿಯೂ ಬಸ್ಸಿನಲ್ಲಿಯೂ ಬಂದು ನಮ್ಮ ಹೈಸ್ಕೂಲಿನಲ್ಲಿ ಕಲಿತು, ಇಂದು ಬೆಂಗಳೂರು, ಪುಣೆ ಹಾಗೂ ಪರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಶಾಲೆಗೆ ಒಂದು ಕಾಣಿಕೆ ಕೊಡಬೇಕೆಂದು ಯೋಚಿಸಿದ್ದಾರೆ. ಯುದ್ಧಕಾಲದ ಹೆಸರಾಂತ ವಿಮಾನ ಚಾಲಕರ ಸಹಿಯುಳ್ಳ ಭಾವಚಿತ್ರಗಳನ್ನು ವ್ಯಾಪಾರಿಗಳಿಂದ ಕೊಂಡು, ಚೌಕಟ್ಟು ಹಾಕಿಸಿ, ಶಾಲೆಯ ಸಭಾಭವನದ ಗೋಡೆಗೆ ತೂಗುಹಾಕುವುದು ಅವರ ಯೋಜನೆ. 2025ರ ಜನವರಿಯಲ್ಲಿ ಬಿಡುಗಡೆಯಾದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರವನ್ನು ನೋಡಿದ ಮೇಲೆ ಈ ಉತ್ಸಾಹ ಮೂಡಿತಂತೆ. ಹನ್ನೆರಡು ಹೆಸರುಗಳ ಪಟ್ಟಿಯನ್ನು ನನಗೆ ಕಳುಹಿಸಿ, "ಸರ್, ತಮ್ಮ ಆಶೀರ್ವಾದ ಬೇಕು" ಎಂದು ಬರೆದಿದ್ದಾರೆ.

ಆಶೀರ್ವಾದ ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಸದಾ ಇದೆ. ಆದರೆ ಈ ಯೋಜನೆಗೆ ನನ್ನ ಒಪ್ಪಿಗೆ ಇಲ್ಲ. ಇದಕ್ಕೆ ಕಾರಣಗಳನ್ನು ಒಬ್ಬಿಬ್ಬರ ಕಿವಿಯಲ್ಲಿ ಹೇಳುವುದಕ್ಕಿಂತ ಎಲ್ಲರೆದುರು ಹೇಳುವುದು ಉಚಿತವೆಂದು ಬಗೆದು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಾನು ಸಂಗ್ರಹದ ಹವ್ಯಾಸದ ವೈರಿಯಲ್ಲ. ಅಂಚೆಚೀಟಿ, ನಾಣ್ಯಗಳನ್ನು ಕೂಡಿಸಿರೆಂದು ತರಗತಿಯಲ್ಲಿ ಹೇಳುತ್ತಲೇ ಬಂದವನು. ಹತ್ತನೆಯ ತರಗತಿಯ ಬೀಳ್ಕೊಡುಗೆಯ ದಿನ ಬಣ್ಣಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕಗಳನ್ನು ನೀವು ನನ್ನ ಮುಂದೆ ಚಾಚಿದಾಗ ಒಂದಕ್ಕೂ ಇಲ್ಲವೆಂದವನಲ್ಲ. ಆ ಸಹಿಗಳಿಗೆ ಅರ್ಥವಿತ್ತು. ಮೂರು ವರ್ಷ ನಿಮ್ಮನ್ನು ಕಂಡವನು, ಬೈದವನು, ತಿದ್ದಿದವನು ನಿಮ್ಮ ಹೆಸರು ಬರೆದು, ನಿಮಗೆಂದೇ ಒಂದು ಮಾತು ಬರೆದು ಕೆಳಗೆ ರುಜು ಹಾಕುತ್ತಿದ್ದ. ಕೊಟ್ಟವನಿಗೂ ಪಡೆದವನಿಗೂ ನಡುವೆ ಒಂದು ಸಂಬಂಧವಿತ್ತು. ಪರದೇಶದ ಹರಾಜಿನಿಂದ ಬರುವ ಸಹಿಯಲ್ಲಿ ಇರುವ ಸಂಬಂಧ ಯಾವುದು? ಮಾರಿದವನಿಗೂ ಕೊಂಡವನಿಗೂ ಇರುವ ಸಂಬಂಧ ಮಾತ್ರ.

ಈ ಹವ್ಯಾಸ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ನಿನ ವಿಲ್ಲಿ ಸಾಂಕೆ ಎಂಬ ಪ್ರಕಾಶಕನು ಜರ್ಮನಿಯ ವಿಮಾನ ಚಾಲಕರ ಭಾವಚಿತ್ರಗಳನ್ನು ಅಂಚೆ ಕಾರ್ಡುಗಳಾಗಿ ಅಚ್ಚುಹಾಕಿ ಮಾರಿದನು. ಇಮ್ಮೆಲ್‌ಮನ್, ಬೋಲ್ಕೆ, ರಿಶ್ತೋಫೆನ್ ಮೊದಲಾದವರ ಕಾರ್ಡುಗಳನ್ನು ಜನ ಮುಗಿಬಿದ್ದು ಕೊಂಡರು, ಅವುಗಳ ಮೇಲೆ ಸಹಿ ಬೇಡಿದರು. ಕೆಳಗೆ ಕಂದಕಗಳ ಕೆಸರಿನಲ್ಲಿ ಲಕ್ಷಗಟ್ಟಲೆ ಸೈನಿಕರು ಹೆಸರಿಲ್ಲದೆ ಸಾಯುತ್ತಿದ್ದಾಗ, ಯುದ್ಧಕ್ಕೆ ಒಂದು ಚೆಲುವಾದ ಮುಖ ಬೇಕಾಗಿತ್ತು. ಆ ಮುಖವನ್ನು ಆಕಾಶದಲ್ಲಿ ಹುಡುಕಲಾಯಿತು. ಇಮ್ಮೆಲ್‌ಮನ್ ಮತ್ತು ಬೋಲ್ಕೆ 1916ರಲ್ಲಿ, ರಿಶ್ತೋಫೆನ್ 1918ರ ಏಪ್ರಿಲ್ 21ರಂದು ಮಡಿದರು. ಮೂವರೂ ಯುದ್ಧದ ಕೊನೆಯನ್ನು ಕಾಣಲಿಲ್ಲ. ಅವರ ಕಾರ್ಡುಗಳು ಮಾತ್ರ ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ.

ಎರಡನೆಯ ಮಹಾಯುದ್ಧದ ನಂತರ ಇದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಬದುಕಿ ಉಳಿದ ಚಾಲಕರು ಮುಪ್ಪಿನಲ್ಲಿ ಮೇಜಿನ ಮುಂದೆ ಕುಳಿತು ಚಿತ್ರಗಳಿಗೆ ಸಾಲಾಗಿ ಸಹಿ ಹಾಕಿದರು. ಯಾರು ಎಷ್ಟು ವಿಮಾನಗಳನ್ನು ಉರುಳಿಸಿದರೆಂಬುದೇ ಇಲ್ಲಿ ಅಳತೆಗೋಲು. ಜರ್ಮನಿಯ ಎರಿಕ್ ಹಾರ್ಟ್‌ಮನ್ 352, ಗುಂಟರ್ ರಾಲ್ 275 ಎಂದು ಲೆಕ್ಕ. ಕ್ರಿಕೆಟ್ಟಿನ ಓಟಗಳನ್ನು ಎಣಿಸಿದ ಹಾಗೆ ಎಣಿಸುತ್ತಾರೆ. ಪ್ರತಿಯೊಂದು ಅಂಕಿಯ ಹಿಂದೆಯೂ ಬೆಂಕಿ ಹತ್ತಿದ ಒಂದು ವಿಮಾನವಿದೆ, ಅನೇಕ ವೇಳೆ ಅದರಲ್ಲಿ ಇಪ್ಪತ್ತು ದಾಟಿದ ಒಬ್ಬ ಹುಡುಗನಿದ್ದಾನೆ ಎಂಬುದು ಆ ಲೆಕ್ಕದ ಪುಸ್ತಕಕ್ಕೆ ಬೇಡವಾದ ಸಂಗತಿ. 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾದ ಚಾಲಕರಲ್ಲಿ ಕೊನೆಯವರಾಗಿ ಉಳಿದಿದ್ದ ಜಾನ್ ಹೆಮಿಂಗ್‌ವೇ 2025ರ ಮಾರ್ಚ್ 17ರಂದು ತಮ್ಮ 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇನ್ನು ಆ ಪೀಳಿಗೆಯಿಂದ ಹೊಸ ಸಹಿ ಹುಟ್ಟುವುದಿಲ್ಲ. ಸರಕು ಹುಟ್ಟುವುದು ನಿಂತಲ್ಲಿ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ನಕಲು ಹುಟ್ಟುತ್ತದೆ. ಇದು ಒಣದ್ರಾಕ್ಷಿ ಮಾರುವ ನಮ್ಮ ತಿಕೋಟಾ ಭಾಗದ ರೈತನಿಗೂ ಗೊತ್ತಿರುವ ಪೇಟೆಯ ಧರ್ಮ. ಸಹಿಯನ್ನು ತದ್ವತ್ತಾಗಿ ಬರೆಯುವ ಯಂತ್ರಗಳು ಜಗತ್ತಿನಲ್ಲಿ ಬಹುಕಾಲದಿಂದ ಇವೆ. ನಮ್ಮ ಶಾಲೆಯ ಗೋಡೆಯ ಮೇಲಿನ ಸಹಿ ಕೈಯದೋ ಯಂತ್ರದ್ದೋ ಎಂದು ಪರೀಕ್ಷಿಸುವವರು ಯಾರು?

ಇರಲಿ, ಎಲ್ಲವೂ ಅಸಲಿಯೇ ಎಂದಿಟ್ಟುಕೊಳ್ಳೋಣ. ಆಗಲೂ ನನ್ನ ಆಕ್ಷೇಪಣೆಗಳು ಹಾಗೆಯೇ ಉಳಿಯುತ್ತವೆ.

ಮೊದಲನೆಯದು. ಪಟ್ಟಿಯನ್ನು ಓದಿದ ಕೂಡಲೇ ನಾನು ಹುಡುಕಿದ್ದು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರನ್ನು. ಯಾವ ಚಿತ್ರವನ್ನು ನೋಡಿ ಈ ಯೋಜನೆ ಹುಟ್ಟಿತೋ ಆ ಚಿತ್ರದ ಕಥೆಗೆ ಪ್ರೇರಣೆಯಾದವರೇ ಅವರು. ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಕಾರಣ ಕೇಳಿ ಬರೆದೆ. "ಸರ್, ಅವರು ಸಹಿ ಮಾಡಿದ ಫೋಟೋ ಎಲ್ಲಿಯೂ ಸಿಗಲಿಲ್ಲ" ಎಂಬ ಉತ್ತರ ಬಂತು.

ಈ ಒಂದು ವಾಕ್ಯದಲ್ಲಿ ಆ ಹವ್ಯಾಸದ ಪೊಳ್ಳುತನವೆಲ್ಲ ಬಯಲಾಗಿದೆ. 1965ರ ಸೆಪ್ಟೆಂಬರ್ 7ರ ಬೆಳಗಿನಲ್ಲಿ ಭಾರತೀಯ ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ ವಿಂಗ್ ಕಮಾಂಡರ್ ಓ.ಪಿ. ತನೇಜಾ ಅವರ ನೇತೃತ್ವದಲ್ಲಿ ಪಂಜಾಬಿನ ಆದಂಪುರದಿಂದ ಹಾರಿ ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿ ಮಾಡಿತು. ದೇವಯ್ಯನವರು ಆ ದಾಳಿಯಲ್ಲಿ ಮೀಸಲು ಚಾಲಕರು. ಯಾರದಾದರೂ ವಿಮಾನ ಕೆಟ್ಟರೆ ಆ ಸ್ಥಾನ ತುಂಬಬೇಕಾದವರು. ಅವರ ಕೈಯಲ್ಲಿದ್ದದ್ದು ಫ್ರಾನ್ಸಿನ ಮಿಸ್ಟಿಯರ್ ವಿಮಾನ, ಶಬ್ದದ ವೇಗಕ್ಕಿಂತ ಕಡಿಮೆ ವೇಗದ್ದು. ಅವರನ್ನು ಅಡ್ಡಗಟ್ಟಿದ್ದು ಅಮೇರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ದೇವಯ್ಯನವರು ತಿರುಗಿ ನಿಂತು ಆ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಚಾಲಕ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ.

ನಮ್ಮ ವಾಯುಪಡೆಯ ಕಡತಗಳಲ್ಲಿ ಅವರು ಬಹುಕಾಲ 'ಕಾಣೆಯಾದವರು' ಎಂದಷ್ಟೇ ಉಳಿದರು. ಅವರ ಸಾಹಸವನ್ನು ಕಂಡ ಜೊತೆಗಾರರು ಯಾರೂ ಇರಲಿಲ್ಲ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಆ ಯುದ್ಧದ ಬಗ್ಗೆ ಪುಸ್ತಕ ಬರೆದರು. ಸ್ಟಾರ್‌ಫೈಟರ್ ಒಂದನ್ನು ಮಿಸ್ಟಿಯರ್ ಕೆಡವಿದ ಸಂಗತಿ ಅದರಲ್ಲಿ ಹೊರಬಂತು. ಎರಡೂ ಕಡೆಯ ವಿವರಗಳನ್ನು ಹೋಲಿಸಿದಾಗ ಆ ಚಾಲಕರು ದೇವಯ್ಯನವರೇ ಎಂದು ಸ್ಥಿರವಾಯಿತು. 1988ರಲ್ಲಿ, ಅಂದರೆ 23 ವರ್ಷಗಳ ತರುವಾಯ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಈಗ ಹೇಳಿರಿ. ದೇವಯ್ಯನವರನ್ನು ಮರೆವಿನಿಂದ ಎತ್ತಿದ್ದು ಯಾವುದು? ಸಹಿಯೇ? ಚೌಕಟ್ಟೇ? ಅದು ವೈರಿಯ ಕಡೆಯ ಒಂದು ಪ್ರಾಮಾಣಿಕ ವಿವರ, ಒಂದು ಪುಸ್ತಕ, ಅದನ್ನು ಓದಿ ನಮ್ಮ ಕಡತದೊಡನೆ ಹೋಲಿಸಿ ನೋಡಿದವರ ಶ್ರಮ. ಸಹಿ ಸಂಗ್ರಾಹಕನ ಪೇಟೆಯಲ್ಲಿ ದೇವಯ್ಯನವರಿಗೆ ಸ್ಥಳವೇ ಇಲ್ಲ. ಸಹಿ ಹಾಕಲು ಬದುಕಿರಬೇಕಷ್ಟೇ! ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ 1918ರ ಜುಲೈ 22ರಂದು ತನ್ನ 19ನೆಯ ವಯಸ್ಸಿನಲ್ಲಿ ಮಡಿದ ಕಲಕತ್ತೆಯ ಇಂದ್ರಲಾಲ್ ರಾಯ್ ಯಾವ ಮೇಜಿನ ಮುಂದೆ ಕುಳಿತು ಸಹಿ ಹಾಕಬೇಕಾಗಿತ್ತು? 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಂಟಿಯಾಗಿ ಕಾದಿ ಪ್ರಾಣಕೊಟ್ಟು, ವಾಯುಪಡೆಗೆ ಇದುವರೆಗಿನ ಏಕೈಕ ಪರಮವೀರ ಚಕ್ರವನ್ನು ತಂದ ನಿರ್ಮಲಜಿತ್ ಸಿಂಗ್ ಸೇಖೋಂ ಯಾವ ಹರಾಜಿಗೆ ತಮ್ಮ ರುಜು ಬಿಟ್ಟುಹೋಗಬೇಕಾಗಿತ್ತು? ಸತ್ತವರನ್ನು ಹೊರಗಿಟ್ಟು, ಉಳಿದವರ ಶಾಯಿಯನ್ನು ಶೌರ್ಯವೆಂದು ಪೂಜಿಸುವ ಗೋಡೆ ನಮ್ಮ ಶಾಲೆಗೆ ಬೇಡ.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದದ್ದು. ಹನ್ನೆರಡು ಹೆಸರುಗಳಲ್ಲಿ ಹಾನ್ಸ್ ಉಲ್‌ರಿಕ್ ರೂಡೆಲ್ ಎಂಬ ಹೆಸರಿದೆ. 2,530 ಬಾರಿ ಯುದ್ಧಕ್ಕೆ ಹಾರಿದವನು, ಹಿಟ್ಲರನ ಜರ್ಮನಿಯ ಅತ್ಯುನ್ನತ ಪದಕ ಪಡೆದವನು ಎಂದು ಪಟ್ಟಿಯಲ್ಲಿ ಟಿಪ್ಪಣಿ ಇದೆ. ಯುದ್ಧ ಮುಗಿದ ಮೇಲೂ, 1982ರಲ್ಲಿ ಸಾಯುವವರೆಗೂ ಅವನು ನಾಜಿ ಪಕ್ಷಪಾತಿಯಾಗಿಯೇ ಉಳಿದನೆಂಬ ಟಿಪ್ಪಣಿ ಇಲ್ಲ. ಇನ್ನೊಂದು ಹೆಸರು ಪಾಲ್ ಟಿಬೆಟ್ಸ್. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಹಾಕಿದ ವಿಮಾನದ ಚಾಲಕ. ಆ ವಿಮಾನಕ್ಕೆ ತನ್ನ ಸ್ವಂತ ತಾಯಿಯ ಹೆಸರನ್ನೇ ಇಟ್ಟವನು. ಆ ವರ್ಷದ ಕೊನೆಯ ಹೊತ್ತಿಗೆ ಆ ನಗರದಲ್ಲಿ ಸತ್ತವರು ಸುಮಾರು 1,40,000. ಅವರಲ್ಲಿ ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ವಯಸ್ಸಿನ ಮಕ್ಕಳು ಸಾವಿರಾರು. ಆ ಬೆಳಿಗ್ಗೆ ಬೀದಿಗಳಲ್ಲಿ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಶಾಲೆಯ ಮಕ್ಕಳನ್ನು ಹಚ್ಚಿದ್ದರು.

ಇತಿಹಾಸದ ಪಾಠದಲ್ಲಿ ಈ ಇಬ್ಬರ ಬಗ್ಗೆಯೂ ಮಾತನಾಡಬೇಕು. ಟಿಬೆಟ್ಸ್ ಆಜ್ಞೆಯನ್ನು ಪಾಲಿಸಿದನೆಂದು ವಾದಿಸುವವರ ಮಾತನ್ನೂ ಮಕ್ಕಳು ಕೇಳಲಿ. ಆದರೆ ಪಾಠ ಬೇರೆ, ಪೂಜೆ ಬೇರೆ. ಶಾಲೆಯ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗುಹಾಕಿದ ಚಿತ್ರ "ಇವನಂತೆ ಆಗು" ಎಂದು ಹೇಳುತ್ತದೆ. ನಮ್ಮ ಗೋಡೆಯಲ್ಲಿ ಗಾಂಧೀಜಿಯವರ ಪಟವಿದೆ, ಬಸವಣ್ಣನವರ ಪಟವಿದೆ, ಅಂಬೇಡ್ಕರರ ಪಟವಿದೆ. ಆ ಸಾಲಿನಲ್ಲಿ ರೂಡೆಲ್‌ನನ್ನು ನಿಲ್ಲಿಸುವಿರಾ? "ಸರ್, ಇವೆರಡೇ ಹೆಸರುಗಳನ್ನು ತೆಗೆದುಬಿಡುತ್ತೇವೆ" ಎಂದು ನೀವು ಹೇಳಬಹುದು. ತೆಗೆಯುವುದು ಸುಲಭ. ಆದರೆ ಅವು ಪಟ್ಟಿಯೊಳಗೆ ಬಂದದ್ದು ಹೇಗೆಂದು ಯೋಚಿಸಿರಿ. ಪೇಟೆಯಲ್ಲಿ ಅಂಕಿಗೆ ಬೆಲೆ, ಪ್ರಸಿದ್ಧಿಗೆ ಬೆಲೆ. ಯಾರಿಗಾಗಿ ಕಾದಿದ, ಯಾರ ಮೇಲೆ ಕಾದಿದ ಎಂಬ ಪ್ರಶ್ನೆಗೆ ಅಲ್ಲಿ ಬೆಲೆಪಟ್ಟಿಯಿಲ್ಲ. ಆ ಪ್ರಶ್ನೆಯನ್ನು ಕೇಳುವುದನ್ನೇ ಕಲಿಸಲು ಶಾಲೆ ಇರುವುದು.

ಮೂರನೆಯದು ಸಹಿಯ ಅರ್ಥಕ್ಕೆ ಸಂಬಂಧಿಸಿದ್ದು. ಸಹಿಯೆಂದರೆ ಏನು? ಹೊಣೆ. "ಮೇಲೆ ಬರೆದದ್ದಕ್ಕೆ ನಾನು ಉತ್ತರವಾದಿ" ಎಂದು ಹೇಳುವುದೇ ಸಹಿ. ನಿಮ್ಮ ಅಂಕಪಟ್ಟಿಯ ಮೇಲೆ ನಾನು ಹಾಕಿದ ಸಹಿ ಅಂಥದ್ದು. ಅದನ್ನು ನೋಡಿ, ಕೆಲವೊಮ್ಮೆ ಬಾರಿಸಿ, ನಿಮ್ಮ ತಂದೆಯವರು ಒತ್ತುತ್ತಿದ್ದ ಹೆಬ್ಬೆರಳು ಅಂಥದ್ದು. ವಾಯುಪಡೆಯಲ್ಲಿಯೂ ಅಂಥ ಸಹಿ ಉಂಟು. ಯುದ್ಧವಿಮಾನವೊಂದು ಹಾರುವ ಮೊದಲು ಅದರ ಎಂಜಿನ್ನು, ಮೈಕಟ್ಟು, ವಿದ್ಯುತ್ತು, ಆಯುಧಗಳನ್ನು ಪರೀಕ್ಷಿಸಿದ ನೆಲದ ಸಿಬ್ಬಂದಿ, ಫಾರ್ಮ್ 700 ಎಂದು ಕರೆಯಲಾಗುವ ದಾಖಲೆ ಪುಸ್ತಕದಲ್ಲಿ ತಮ್ಮ ತಮ್ಮ ಕೆಲಸಕ್ಕೆ ಸಹಿ ಹಾಕುತ್ತಾರೆ. ಅನಂತರ ಚಾಲಕನು ಅದನ್ನು ಓದಿ, ವಿಮಾನವನ್ನು ಒಪ್ಪಿಕೊಂಡೆನೆಂದು ಸಹಿ ಹಾಕಿ ಏರುತ್ತಾನೆ. ಆ ಮೆಕ್ಯಾನಿಕನ ಸಹಿಯ ಮೇಲೆ ಒಂದು ಜೀವ ನಿಂತಿರುತ್ತದೆ. ಅದನ್ನು ಯಾರೂ ಚೌಕಟ್ಟು ಹಾಕಿಸುವುದಿಲ್ಲ. ಅದಕ್ಕೆ ಹರಾಜಿಲ್ಲ.

ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ದುರಸ್ತಿಯಾದದ್ದು ಅಲ್ಲಿಯೇ. ಮುಂದೆ ನ್ಯಾಟ್ ವಿಮಾನಗಳು ಸಿದ್ಧವಾದದ್ದೂ, 1961ರಲ್ಲಿ ಮೊದಲು ಹಾರಿದ ಮಾರುತ್ ವಿಮಾನ ರೂಪುಗೊಂಡದ್ದೂ ಅಲ್ಲಿಯೇ. ಆ ಕಾರ್ಖಾನೆಯಲ್ಲಿ ಮೊಳೆ ಬಡಿದ, ತಗಡು ಬಾಗಿಸಿದ, ತಂತಿ ಜೋಡಿಸಿದ ಕೈಗಳು ಕನ್ನಡಿಗರ ಕೈಗಳೂ ಆಗಿದ್ದವು. 1965ರ ಮತ್ತು 1971ರ ಯುದ್ಧಗಳಲ್ಲಿ ನ್ಯಾಟ್ ಚಾಲಕರ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಬರಬೇಕಾದದ್ದೇ. ಆದರೆ ಆ ರೆಕ್ಕೆ ಕಳಚದಂತೆ ಜೋಡಿಸಿದವನ ಹೆಸರೇನೆಂದು ನಮ್ಮ ಮಕ್ಕಳಲ್ಲಿ ಯಾರಾದರೂ ಕೇಳಿದ್ದಾರೆಯೇ? ಚಾಲಕನೊಬ್ಬನನ್ನೇ ಬೆಳಕಿನಲ್ಲಿ ನಿಲ್ಲಿಸುವ ಗೋಡೆ ದುಡಿಮೆಯನ್ನು ಕತ್ತಲೆಗೆ ತಳ್ಳುತ್ತದೆ.

ಇಷ್ಟು ಹೇಳಿದಾಗ ಎರಡು ಮಾತುಗಳು ಎದುರಾಗುವುದು ಸಹಜ. "ಸಹಿಗಳ ಮಾರಾಟದಿಂದ ಬಂದ ಹಣ ಸತ್ಕಾರ್ಯಕ್ಕೂ ಹೋಗಿದೆಯಲ್ಲ, ಸರ್?" ಎಂದು ಕೆಲವರು ಕೇಳಬಹುದು. ನಿಜ. ಯುದ್ಧದಲ್ಲಿ ನೊಂದವರ ನಿಧಿಗೆಂದು, ವಸ್ತುಸಂಗ್ರಹಾಲಯಗಳಿಗೆಂದು ಸಹಿ ಹಾಕಿಕೊಟ್ಟ ಹಿರಿಯ ಚಾಲಕರಿದ್ದರು. ಅವರಿಗೆ ನನ್ನ ನಮಸ್ಕಾರ. ಆದರೆ ಅದೇ ಚಿತ್ರ ಹತ್ತನೆಯ ಕೈಯಿಂದ ಹನ್ನೊಂದನೆಯ ಕೈಗೆ ಮಾರಾಟವಾದಾಗ ಆ ಹಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಗೇ ಹೋಗುತ್ತದೆ. ಸೈನಿಕರಿಗೆ ನೆರವಾಗಬೇಕೆಂಬ ಮನಸ್ಸಿದ್ದರೆ ನೇರವಾದ ದಾರಿಯೇ ಇದೆ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆಯುತ್ತದೆ. ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡು ನೀವೇ ನಾಲ್ಕಾಣೆ, ಎಂಟಾಣೆ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದು ನೆನಪಿದೆಯೇ? ಆ ಡಬ್ಬಿಗೆ ಈಗ ನೋಟು ಹಾಕಿರಿ.

ಎರಡನೆಯ ಮಾತು, ಮಕ್ಕಳಿಗೆ ಸ್ಫೂರ್ತಿಯ ವಿಷಯ. ಸಹಿ ನೋಡಿ ಸ್ಫೂರ್ತಿಗೊಂಡ ಹುಡುಗ ಎರಡು ದಿನ ಅದನ್ನು ನೋಡುತ್ತಾನೆ, ಮೂರನೆಯ ದಿನ ಅದರ ಕೆಳಗೆ ಕುಳಿತು ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಾನೆ. ಕಥೆ ತಿಳಿದ ಹುಡುಗ ಮರೆಯುವುದಿಲ್ಲ. ಯುದ್ಧದ ಚಾಲಕರು ಬರೆದ ಎರಡು ಪತ್ರಗಳ ಕಥೆ ಹೇಳುತ್ತೇನೆ, ಕೇಳಿರಿ.

1971ರ ನವೆಂಬರ್ 22ರಂದು ಬಂಗಾಳದ ಬೋಯ್ರಾದ ಮೇಲೆ ನಡೆದ ಕಾಳಗದಲ್ಲಿ ನ್ಯಾಟ್ ಚಾಲಕ ಡಾನ್ ಲಜಾರಸ್ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಕೆಡವಿದರು. ಅದರ ಚಾಲಕ ಪರ್ವೇಜ್ ಮೆಹ್ದಿ ಖುರೇಷಿ ಸೆರೆಸಿಕ್ಕರು. ಅದೇ ಖುರೇಷಿ 1997ರಲ್ಲಿ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರಾದಾಗ, ನಿವೃತ್ತರಾಗಿದ್ದ ಲಜಾರಸ್ ಅವರಿಗೆ ಅಭಿನಂದನೆಯ ಪತ್ರ ಬರೆದರು. ಖುರೇಷಿಯವರಿಂದ ಸೌಜನ್ಯದ ಉತ್ತರವೂ ಬಂತು.

ಎರಡನೆಯದು ಇದಕ್ಕಿಂತ ಭಾರವಾದದ್ದು. 1965ರ ಸೆಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ ಮೆಹ್ತಾ ಅವರಿದ್ದ ನಾಗರಿಕ ವಿಮಾನವನ್ನು ಪಾಕಿಸ್ತಾನದ ತರುಣ ಚಾಲಕ ಖೈಸ್ ಹುಸೇನ್ ಮೇಲಿನ ಆಜ್ಞೆಯಂತೆ ಹೊಡೆದುರುಳಿಸಿದರು. ಮುಖ್ಯಮಂತ್ರಿಗಳು, ಅವರ ಪತ್ನಿ, ವಿಮಾನ ನಡೆಸುತ್ತಿದ್ದ ಜಹಾಂಗೀರ್ ಇಂಜಿನಿಯರ್ ಸೇರಿ ಎಂಟು ಜನ ಸತ್ತರು. 46 ವರ್ಷಗಳ ತರುವಾಯ, 2011ರ ಆಗಸ್ಟಿನಲ್ಲಿ, ಮುದುಕರಾಗಿದ್ದ ಖೈಸ್ ಹುಸೇನ್ ಆ ಚಾಲಕರ ಮಗಳನ್ನು ಹುಡುಕಿ, ನಡೆದುದನ್ನೆಲ್ಲ ವಿವರಿಸಿ, ದುಃಖ ವ್ಯಕ್ತಪಡಿಸಿ ಪತ್ರ ಬರೆದರು. ಆ ಮಗಳು ದ್ವೇಷವಿಲ್ಲದ ಉತ್ತರ ಬರೆದರು. ಆ ಪತ್ರ ಹೋದದ್ದು ಇ-ಮೇಲಿನಲ್ಲಿ. ಅದರ ಮೇಲೆ ಶಾಯಿಯ ಸಹಿಯೇ ಇಲ್ಲ! ಸಂಗ್ರಾಹಕನ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ನನ್ನ ಲೆಕ್ಕದಲ್ಲಿ ಯುದ್ಧದ ಚಾಲಕನೊಬ್ಬನ ಕೈಯಿಂದ ಬಂದ ಬರಹಗಳಲ್ಲಿ ಅದಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ. ತಾನು ಮಾಡಿದ್ದಕ್ಕೆ ತಾನೇ ಉತ್ತರವಾದಿಯೆಂದು ನಿಂತವನ ನಿಜವಾದ ಸಹಿ ಅದು.

ವೀರರನ್ನು ನೆನೆಯುವ ಕ್ರಮ ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ನಾಡಿನ ಊರೂರಿನಲ್ಲಿ ಗುಡಿಯ ಮುಂದೆ, ಕೆರೆಯ ದಂಡೆಯಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗೆ ಕಾಳಗ, ನಡುವೆ ಸ್ವರ್ಗಯಾತ್ರೆ, ಮೇಲೆ ದೇವರ ಸನ್ನಿಧಿ. ಬರಹವಿದ್ದ ಕಲ್ಲುಗಳಲ್ಲಿ ಯಾರು, ಯಾವ ಕಾಲದಲ್ಲಿ, ಯಾವುದಕ್ಕಾಗಿ ಮಡಿದನೆಂದು ಬರೆದಿದ್ದಾರೆ. ತುರುಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ಕಲ್ಲುಂಟು. ಕಲ್ಲು ನಿಲ್ಲಿಸಿದವರು ಆ ವೀರನ ಸಹಿಯನ್ನು ಕೇಳಲಿಲ್ಲ. ಊರಿನ ಜನರೇ ಅವನ ಪರವಾಗಿ ಸಾಕ್ಷಿ ನುಡಿದರು. ಸ್ಮರಣೆಯೆಂದರೆ ಇದು. ಊರು ಬರೆಯಬೇಕು, ಕೊಂಡು ತರುವುದಲ್ಲ.

ಆದುದರಿಂದ ನನ್ನ ಸೂಚನೆ ಹೀಗಿದೆ. ಆ ಹನ್ನೆರಡು ಚಿತ್ರಗಳ ವಿಚಾರ ಬಿಡಿರಿ. ದೇವಯ್ಯನವರ ಒಂದೇ ಒಂದು ಚಿತ್ರವನ್ನು, ಸಹಿಯಿಲ್ಲದೆಯೇ, ಗೋಡೆಗೆ ಹಾಕಿರಿ. ಅದರ ಕೆಳಗೆ 1965ರ ಸೆಪ್ಟೆಂಬರ್ 7ರ ಸಂಗತಿಯನ್ನು ಕನ್ನಡದಲ್ಲಿ, ಮಕ್ಕಳು ನಿಂತು ಓದುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿರಿ. ಅದನ್ನು ಬೆಳಕಿಗೆ ತರಲು 23 ವರ್ಷ ಹಿಡಿಯಿತೆಂಬುದನ್ನೂ ಬರೆಯಿಸಿರಿ.

ಉಳಿದ ಹಣದಿಂದ ಇನ್ನೊಂದು ಕೆಲಸವಾಗಲಿ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ತಿಕೋಟಾ, ಹೊನವಾಡ, ಬಿಜ್ಜರಗಿ, ಬಬಲೇಶ್ವರ, ಮಮದಾಪುರ ಈ ಎಲ್ಲ ಕಡೆಗಳಿಂದ ಸೇನೆಗೆ ಹೋಗಿ ಬಂದ ಹಿರಿಯರಿದ್ದಾರೆ. 1971ರಲ್ಲಿ ಇಪ್ಪತ್ತರ ಹರೆಯದವರಾಗಿದ್ದವರಿಗೆ ಈಗ ಎಪ್ಪತ್ತೈದರ ಆಚೆಯ ವಯಸ್ಸು. ಅವರಲ್ಲಿ ಬಹಳ ಜನ ಚಾಲಕರಲ್ಲ. ಲಾರಿ ನಡೆಸಿದವರು, ಅಡಿಗೆ ಮಾಡಿದವರು, ತಂತಿ ಎಳೆದವರು, ಗಾಯಾಳುಗಳನ್ನು ಹೊತ್ತವರು. ಒಂಬತ್ತನೆಯ ತರಗತಿಯ ಮಕ್ಕಳು ಎರಡೆರಡು ಜನರಂತೆ ಅವರ ಮನೆಗೆ ಹೋಗಲಿ. "ಅಜ್ಜಾರ, ನೀವು ಎಲ್ಲಿದ್ದಿರಿ, ಏನು ಮಾಡಿದಿರಿ, ಯಾರನ್ನು ಕಳೆದುಕೊಂಡಿರಿ?" ಎಂದು ಕೇಳಲಿ. ಮನೆಯ ಅಜ್ಜಿಯವರನ್ನೂ ಕೇಳಲಿ. ಆ ತಿಂಗಳುಗಳಲ್ಲಿ ಪತ್ರ ಬಾರದಿದ್ದಾಗ ಅವರು ಹೇಗೆ ದಿನ ಕಳೆದರೆಂದು ತಿಳಿಯಲಿ. ಕೇಳಿದ್ದನ್ನು ಬರೆದು, ಓದಿ ಹೇಳಿ, ತಪ್ಪಿದ್ದರೆ ತಿದ್ದಿಸಿಕೊಂಡು, ಕೊನೆಯಲ್ಲಿ ಅವರ ಸಹಿಯನ್ನೋ ಹೆಬ್ಬೆರಳನ್ನೋ ಪಡೆಯಲಿ. ಆ ಸಹಿಯ ಮೇಲೆ ಒಂದು ಬದುಕಿನ ಮಾತು ಇರುತ್ತದೆ, ಅದಕ್ಕೆ ಅವರ ಹೊಣೆ ಇರುತ್ತದೆ. ಅಂಥ ಸಹಿಗಳನ್ನು ಬೇಕಾದಷ್ಟು ಕೂಡಿಸಿರಿ, ನನ್ನ ಅಡ್ಡಿಯಿಲ್ಲ. ಪುಸ್ತಕಕ್ಕೆ ಬೇಕಾದ ಅಕ್ಷರ ತಿದ್ದುವ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ. ಕಣ್ಣು ಇನ್ನೂ ಕಾಣುತ್ತವೆ, ಕೆಂಪು ಪೆನ್ನೂ ಇದೆ.

ಹಣ ನಿಮ್ಮದು, ತೀರ್ಮಾನವೂ ನಿಮ್ಮದೇ. ಆದರೆ ಹರಾಜಿನ ಸರಕು ಇನ್ನೂ ಹತ್ತು ವರ್ಷಗಳ ಮೇಲೂ ಸಿಗುತ್ತದೆ. ನಮ್ಮೂರಿನ ಈ ಅಜ್ಜಂದಿರು ಅಷ್ಟು ದಿನ ಕಾಯಲಾರರು. ದೀಪಾವಳಿಗೆ ಊರಿಗೆ ಬಂದಾಗ ಈ ಬಗ್ಗೆ ಎಲ್ಲರೂ ಕೂಡಿ ಮಾತನಾಡೋಣ. ಭಿನ್ನಾಭಿಪ್ರಾಯವಿದ್ದವರು ಸಂಕೋಚಪಡದೆ ಬರೆಯಿರಿ. ಮಾಸ್ತರರಿಗೆ ಎದುರು ಮಾತನಾಡಬಾರದೆಂದು ನಾನು ಎಂದೂ ಕಲಿಸಿಲ್ಲ.

ಎಲ್ಲರಿಗೂ ಶುಭವಾಗಲಿ.